ಎಲೆ ಅಡಿಕೆ ಬೀದಿಯ ಅರಸ

 

ನಮ್ಮ ಬಳಗದ ನಿತ್ಯ ಚಿಂತನೆಯಲ್ಲಿ ಸಾಮಾನ್ಯವಾಗಿ ಭಿಕ್ಕುಗಳ, ಉಪಾಸಕರ, ಧಮ್ಮಕ್ಕಾಗಿ ಬದುಕಿದವರ ಕಥೆ ಬರುತ್ತದೆ. ಇವತ್ತು ಬೌದ್ಧನಲ್ಲದ, ಸಂತನೂ ಅಲ್ಲದ ಒಬ್ಬ ಅರಸನ ಬದುಕನ್ನು ಹೇಳುತ್ತೇನೆ. ಅವನು ವಿಜಯನಗರದ ಎರಡನೆಯ ದೇವರಾಯ. ಅವನನ್ನು ನೆನೆಯಲು ಕಾರಣ ಅವನು ಗೆದ್ದ ಯುದ್ಧಗಳಲ್ಲ, ಒಂದು ಬೀದಿ.

ಹಂಪಿಗೆ ಹೋದವರೆಲ್ಲ ಹಜಾರರಾಮ ಗುಡಿಯನ್ನು ನೋಡಿರುತ್ತೀರಿ. ಪೌಳಿಯ ಗೋಡೆಯ ಹೊರಮೈಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರು ಸಾಲುಸಾಲಾಗಿ ಮೆರವಣಿಗೆ ಹೊರಟಂತೆ ಕೆತ್ತಿದ್ದಾರೆ. ಆ ಗುಡಿಯ ಎದುರಿನಿಂದ ಈಶಾನ್ಯಕ್ಕೆ ಒಂದು ಹಳೆಯ ಬೀದಿ ಹೊರಡುತ್ತದೆ. ಎರಡೂ ಬದಿಗೆ ಅಂಗಡಿಗಳಿದ್ದ ಕಲ್ಲಿನ ಕಟ್ಟೆಗಳು ಮಾತ್ರ ಉಳಿದಿವೆ. ಪುರಾತತ್ವ ಇಲಾಖೆಯವರು ಪಾನ್ ಸುಪಾರಿ ಬಜಾರ್ ಎಂದು ಫಲಕ ಹಾಕಿದ್ದಾರೆ. ವಿರೂಪಾಕ್ಷನ ಮುಂದಿನ ರಥಬೀದಿ, ವಿಠ್ಠಲನ ಬೀದಿಗಳಷ್ಟು ದೊಡ್ಡದಾಗಿ ಕಾಣದ ಕಾರಣ ಬಹಳ ಜನ ಇಲ್ಲಿ ನಿಲ್ಲುವುದಿಲ್ಲ. ಆದರೆ ಆರು ನೂರು ವರ್ಷದ ಹಿಂದಿನ ಒಂದು ಪೇಟೆಬೀದಿಯ ಹೆಸರು ಕಲ್ಲಿನ ಮೇಲೆ ಉಳಿದುಬಂದಿರುವುದು ದೊಡ್ಡ ಭಾಗ್ಯವೇ ಸರಿ.

ಆ ಹೆಸರು ಇರುವುದು ಅಲ್ಲೇ ಸಮೀಪದ ಹಾಳುಬಿದ್ದ ಪಾರ್ಶ್ವನಾಥ ಬಸದಿಯಲ್ಲಿ. ಅದರ ಶಾಸನ ಸಂಸ್ಕೃತದಲ್ಲಿದೆ. ಶಕ ವರ್ಷ 1348, ಅಂದರೆ ಕ್ರಿ.ಶ. 1426. ಕರ್ಣಾಟ ದೇಶದ ವಿಜಯನಗರದಲ್ಲಿ, ಪರ್ಣಪೂಗೀಫಲಾಪಣ ವೀಥಿಯಲ್ಲಿ, ದೇವರಾಯನು ಅರ್ಹಂತ ಪಾರ್ಶ್ವನಾಥನಿಗೆ ಕಲ್ಲಿನ ಚೈತ್ಯಾಲಯ ಕಟ್ಟಿಸಿದನೆಂದು ಅದು ಹೇಳುತ್ತದೆ. ಪರ್ಣ ಎಂದರೆ ಎಲೆ, ಪೂಗೀಫಲ ಎಂದರೆ ಅಡಿಕೆ, ಆಪಣ ಎಂದರೆ ಅಂಗಡಿ. ಸಂಸ್ಕೃತದ ರೇಷ್ಮೆ ಅಂಗಿ ಬಿಚ್ಚಿದರೆ ಒಳಗಿರುವುದು ನಮ್ಮ ಎಲೆ ಅಡಿಕೆ ಅಂಗಡಿಗಳ ಬೀದಿಯೇ.

ಈಗ ಅರಸನ ವಿಷಯಕ್ಕೆ ಬರೋಣ. ದೇವರಾಯ ಪಟ್ಟಕ್ಕೆ ಬಂದದ್ದು 1424ರ ಸುಮಾರಿಗೆ. ಅಜ್ಜ ಒಂದನೆಯ ದೇವರಾಯ, ತಂದೆ ವಿಜಯರಾಯ. ಸಂಗಮ ವಂಶದ ಹುಡುಗ. ಅವನಿಗೆ ಗಜಬೇಟೆಕಾರ ಎಂಬ ಬಿರುದಿತ್ತು. ಪಟ್ಟವೇರಿ ಹೆಚ್ಚು ದಿನ ಕಳೆಯುವ ಮೊದಲೇ ಅವನು ಎಲೆ ಅಡಿಕೆ ಬೀದಿಯಲ್ಲಿ ಬಸದಿ ಕಟ್ಟಿಸಿದ. ಅವನ ಮನೆತನ ಪೂಜಿಸುತ್ತಿದ್ದುದು ವಿರೂಪಾಕ್ಷನನ್ನು. ಅರಮನೆಯ ಮಗ್ಗುಲಲ್ಲಿದ್ದದ್ದು ರಾಮಚಂದ್ರನ ಗುಡಿ. ಅದೇ ಬೀದಿಯಲ್ಲಿ ಜಿನನಿಗೆ ಕಲ್ಲಿನ ಮನೆ. ಊರ ಹೊರಗೆ ಗುಡ್ಡದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಜಾಗ ಕೊಟ್ಟದ್ದಲ್ಲ, ದಿನವೂ ಜನ ಓಡಾಡುವ ಪೇಟೆಯಲ್ಲಿ ಕೊಟ್ಟದ್ದು.

ಇದು ಅವನಿಗೆ ಮನೆಯಲ್ಲೇ ಬಂದ ಬುದ್ಧಿ ಎನ್ನಬಹುದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಇದೇ ವಂಶದ ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಇಬ್ಬರ ದರ್ಶನದಲ್ಲಿ ಭೇದವಿಲ್ಲವೆಂದು ತೀರ್ಪು ಕೊಟ್ಟ. ಶ್ರವಣಬೆಳಗೊಳದಲ್ಲಿ ಆ ಶಾಸನ ಇಂದಿಗೂ ಇದೆ. ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕ ಇರುಗಪ್ಪ ರಾಜಧಾನಿಯಲ್ಲೇ ಕುಂಥುನಾಥನ ಬಸದಿ ಕಟ್ಟಿಸಿದ್ದ. ಇಂದು ಜನ ಅದನ್ನು ಗಾಣಗಿತ್ತಿ ಗುಡಿ ಎನ್ನುತ್ತಾರೆ. ದೇವರಾಯನ ಆಳ್ವಿಕೆಯಲ್ಲೇ ಮೂಡಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಎದ್ದಿತು. 1432ರಲ್ಲಿ ಕಾರ್ಕಳದ ಗೊಮ್ಮಟ ಎದ್ದು ನಿಂತ.

ಇನ್ನು ಅವನ ದಂಡನಾಯಕ ಲಕ್ಕಣ್ಣ ವೀರಶೈವ. ರಾಜ್ಯದ ಭಾರ ಹೊತ್ತವನೇ ಶಿವತತ್ತ್ವಚಿಂತಾಮಣಿಯನ್ನು ಬರೆದ. ಅಲ್ಲಮನ ಬದುಕನ್ನು ಪ್ರಭುಲಿಂಗಲೀಲೆಯಾಗಿ ಹಾಡಿದ ಚಾಮರಸ ಇದೇ ಕಾಲದವನು. ಎಂ.ಎ. ಓದುವಾಗ ನಾವು ಈ ಹೆಸರುಗಳನ್ನು ಪ್ರಶ್ನೆಪತ್ರಿಕೆಗೆಂದು ಬಾಯಿಪಾಠ ಮಾಡಿದ್ದೆವು. ಆ ಕವಿಗಳ ಕಾಲಕ್ಕೆ ಒಂದು ಪೇಟೆ ಇತ್ತು, ಪೇಟೆಯಲ್ಲಿ ಎಲೆಯ ಕಟ್ಟುಗಳ ಮೇಲೆ ನೀರು ಚಿಮುಕಿಸುತ್ತ ಕೂತ ವ್ಯಾಪಾರಿಗಳಿದ್ದರು ಎಂಬುದು ನನಗೆ ಹೊಳೆದದ್ದು ಆ ಬೀದಿಯನ್ನು ನೋಡಿದ ಮೇಲೆಯೇ.

ದೇವರಾಯನ ಆಳ್ವಿಕೆಯ ಉದ್ದಕ್ಕೂ ಬಹಮನಿ ಸುಲ್ತಾನರೊಡನೆ ಯುದ್ಧ ತಪ್ಪಲಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬಿನ ಮೇಲೆ ಇಬ್ಬರಿಗೂ ಕಣ್ಣು. ನಮ್ಮ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಒಂದು ಸಂಗತಿ ಬರೆದಿದ್ದಾನೆ. ಸೋಲುಗಳಿಂದ ನೊಂದ ದೇವರಾಯ ತನ್ನ ಮುಖ್ಯರನ್ನೆಲ್ಲ ಕೂಡಿಸಿ, ತನ್ನ ರಾಜ್ಯ ದೊಡ್ಡದಿದ್ದೂ, ಜನ ಹೆಚ್ಚಿದ್ದೂ ಸೋಲುವುದೇಕೆ ಎಂದು ಕೇಳಿದ. ಬಹಮನಿಗಳ ಕುದುರೆಗಳು ಬಲವಾದವು, ಅವರ ಬಿಲ್ಲುಗಾರರು ನುರಿತವರು ಎಂಬ ಉತ್ತರ ಬಂತು. ಅವನು ಆ ಉತ್ತರಕ್ಕೆ ಸಿಟ್ಟಾಗಲಿಲ್ಲ. ಮುಸಲ್ಮಾನ ಬಿಲ್ಲುಗಾರರನ್ನು ಕರೆದು ಕೆಲಸ ಕೊಟ್ಟ, ಜಹಗೀರು ಕೊಟ್ಟ, ತನ್ನ ಸೈನಿಕರಿಗೆ ಬಿಲ್ವಿದ್ಯೆ ಕಲಿಸಲು ಹಚ್ಚಿದ. ಅವರಿಗಾಗಿ ಮಸೀದಿ ಕಟ್ಟಿಸಿದ. ಅರಸನಿಗೆ ತಲೆಬಾಗುವುದು ಅವರ ಧರ್ಮಕ್ಕೆ ತೊಡಕಾಗಬಾರದೆಂದು ಸಿಂಹಾಸನದ ಮುಂದೆ ಕುರಾನಿನ ಪ್ರತಿಯನ್ನಿಡಿಸಿದ.

ಹಂಪಿಯಲ್ಲಿ ಇದಕ್ಕೆ ಕಲ್ಲಿನ ಸಾಕ್ಷಿಯೂ ಒಂದಿದೆ. 1439ರಲ್ಲಿ ಅಹಮದ್ ಖಾನ್ ಎಂಬ ಅವನ ಸೇವಕ ಒಂದು ಕಟ್ಟಡ ಕಟ್ಟಿಸಿ, ಅದರ ಪುಣ್ಯ ದೇವರಾಯನಿಗೆ ಸಲ್ಲಲಿ ಎಂದು ಶಾಸನ ಬರೆಸಿದ. ಶಾಸನ ಕನ್ನಡದಲ್ಲಿದೆ. ನಮಾಜು ಮಾಡುವ ಆ ಜಾಗವನ್ನು ಅವನು ಧರ್ಮಸಾಲೆ ಎಂದು ಕರೆದಿದ್ದಾನೆ. ಗುಮ್ಮಟವಿಲ್ಲ, ಕಂಬಗಳು ನಮ್ಮ ಗುಡಿಯ ಮಂಟಪದ ಕಂಬಗಳಂತೆಯೇ ಇವೆ. ಒಬ್ಬ ಮುಸಲ್ಮಾನ ತನ್ನ ಪುಣ್ಯವನ್ನು ಹಿಂದೂ ದೊರೆಯ ಲೆಕ್ಕಕ್ಕೆ ಬರೆದಿದ್ದಾನೆ. ನಾವು ಧ್ಯಾನದ ಕೊನೆಗೆ ಪುಣ್ಯವನ್ನು ಎಲ್ಲ ಜೀವಿಗಳಿಗೆ ಹಂಚುತ್ತೇವಲ್ಲ, ನನಗೆ ಆಗ ಆಗಾಗ ಈ ಅಹಮದ್ ಖಾನ್ ನೆನಪಾಗುತ್ತಾನೆ.

1443ರ ಏಪ್ರಿಲ್ ತಿಂಗಳಲ್ಲಿ ಒಬ್ಬ ಅತಿಥಿ ಬಂದ. ಹೆರಾತಿನಿಂದ, ತೈಮೂರನ ಮಗ ಶಾಹರುಖನ ರಾಯಭಾರಿಯಾಗಿ ಹೊರಟಿದ್ದ ಅಬ್ದುಲ್ ರಜಾಕ್. ಕಲ್ಲಿಕೋಟೆಯಲ್ಲಿ ಇಳಿದಿದ್ದ ಅವನನ್ನು ದೇವರಾಯನೇ ಹೇಳಿಕಳಿಸಿ ಕರೆಸಿಕೊಂಡ. ಏಳು ಸುತ್ತಿನ ಕೋಟೆಯನ್ನು ದಾಟಿ ಒಳಗೆ ಬಂದ ರಜಾಕ್ ಅರಮನೆಯ ಹತ್ತಿರದ ಪೇಟೆಗಳನ್ನು ನೋಡಿ ಬೆರಗಾದ. ಎದುರುಬದುರು ನಾಲ್ಕು ಪೇಟೆ. ಒಂದೊಂದು ಕಸುಬಿನವರ ಅಂಗಡಿಗಳು ಒತ್ತೊತ್ತಾಗಿ. ಮುತ್ತು ಮಾಣಿಕಗಳನ್ನು ಬಯಲಲ್ಲೇ ಹರಡಿ ಮಾರುತ್ತಿದ್ದರು. ನುಣುಪಾದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು. ಎಲ್ಲೆಲ್ಲೂ ಗುಲಾಬಿ ಮಾರುತ್ತಿದ್ದರು. ಹೂವಿಲ್ಲದೆ ಈ ಜನಕ್ಕೆ ಬದುಕಲು ಆಗದೇನೋ, ಊಟದಷ್ಟೇ ಹೂವೂ ಬೇಕೇನೋ ಎಂದು ಅವನಿಗೆ ಅನಿಸಿತು. ವೀಳ್ಯದೆಲೆಯ ಬಗ್ಗೆಯಂತೂ ವಿಸ್ತಾರವಾಗಿಯೇ ಬರೆದ. ಅವನ ಸೀಮೆಯಲ್ಲಿ ಇಲ್ಲದ ವಸ್ತು ಅದು.

ಅವನು ಮೊದಲ ಸಲ ಅರಸನನ್ನು ಕಂಡಾಗ ನಡೆದ ಒಂದು ಸಣ್ಣ ಸಂಗತಿ ನನಗೆ ಬಹಳ ಪ್ರಿಯ. ನಲವತ್ತು ಕಂಬದ ಸಭೆಯಲ್ಲಿ ದೇವರಾಯ ಕೂತಿದ್ದ. ತೆಳ್ಳಗಿನ ಮೈ, ಎತ್ತರದ ನಿಲುವು, ಇನ್ನೂ ಎಳೆಯ ಪ್ರಾಯ. ಕೊರಳಲ್ಲಿ ಮುತ್ತಿನ ಹಾರ. ರಜಾಕನೋ ತನ್ನ ದೇಶದ ರೂಢಿಯಂತೆ ಒಂದರ ಮೇಲೊಂದು ನಿಲುವಂಗಿ ತೊಟ್ಟು ಬಂದಿದ್ದ. ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತೇ ಇದೆ. ಅವನ ಮೈಯೆಲ್ಲ ಬೆವರು ಸುರಿಯಿತು. ಅದನ್ನು ಕಂಡ ಅರಸ ತನ್ನ ಕೈಯಲ್ಲಿದ್ದ ಚೀನಾ ದೇಶದ ಬೀಸಣಿಗೆಯನ್ನೇ ಅವನಿಗೆ ಕೊಟ್ಟುಬಿಟ್ಟ. ಬೀಳ್ಕೊಡುವಾಗ ಎರಡು ಕಟ್ಟು ಎಲೆ, ಐದು ನೂರು ಫಣದ ಚೀಲ ಮತ್ತು ಕರ್ಪೂರ ಕೊಡಿಸಿದ. ದಿನದ ಖರ್ಚಿಗೆ ಕುರಿ, ಕೋಳಿ, ಅಕ್ಕಿ, ತುಪ್ಪ, ಸಕ್ಕರೆ ಮತ್ತು ಎರಡು ಹೊನ್ನಿನ ವರಹ ಗೊತ್ತುಮಾಡಿದ. ವಾರಕ್ಕೆ ಎರಡು ಸಲ ಕರೆದು ಮಾತಾಡಿಸುತ್ತಿದ್ದ. ಪ್ರತಿ ಸಲವೂ ಎಲೆ, ಹಣ, ಕರ್ಪೂರ. ಎಲೆ ಅಡಿಕೆ ಬೀದಿಯ ಕಟ್ಟುಗಳು ಹೀಗೆ ಹೆರಾತಿನ ಪುಸ್ತಕದ ಹಾಳೆಗಳವರೆಗೆ ಹೋದವು.

ಆದರೆ ಅದೇ ಎಲೆಗೆ ಇನ್ನೊಂದು ಮುಖವಿದೆ. ನಮ್ಮಲ್ಲಿ ಮದುವೆಗೆ ಕರೆಯುವುದು ಎಲೆ ಅಡಿಕೆ ಕೊಟ್ಟು, ಹಿಂದೆ ದಳಪತಿಯನ್ನು ಯುದ್ಧಕ್ಕೆ ಕಳಿಸುತ್ತಿದ್ದದ್ದೂ ರಣವೀಳ್ಯ ಕೊಟ್ಟೇ. ಆದರದ ಕರೆಯ ಒಳಗೆ ಸಾವು ಅಡಗಿರಬಹುದು. ದೇವರಾಯನ ಬದುಕಿನಲ್ಲೂ ಹಾಗೇ ಆಯಿತು. ರಜಾಕ್ ಇನ್ನೂ ಕಲ್ಲಿಕೋಟೆಯಲ್ಲಿದ್ದಾಗ, ಅರಸನ ತಮ್ಮ ಹೊಸ ಮನೆ ಕಟ್ಟಿಸಿ, ಅಣ್ಣನನ್ನೂ ರಾಜ್ಯದ ಮುಖ್ಯರನ್ನೂ ಊಟಕ್ಕೆ ಕರೆದ. ನಗಾರಿ, ಕಹಳೆಗಳ ಸದ್ದು ಮುಗಿಲು ಮುಟ್ಟುವಂತೆ ಬಾರಿಸಲು ಹೇಳಿದ. ಆ ಸದ್ದಿನಲ್ಲಿ ಒಬ್ಬೊಬ್ಬರನ್ನೇ ಊಟಕ್ಕೆಂದು ಒಳಗೆ ಕರೆದೊಯ್ದು ಕೊಲ್ಲಿಸಿದ. ಒಳಗಿನ ಕೂಗು ಹೊರಗಿನವರಿಗೆ ಕೇಳಿಸಲೇ ಇಲ್ಲ. ನಂತರ ಅರಮನೆಗೆ ಹೋಗಿ ಅಣ್ಣನನ್ನೂ ಕರೆದ. ದೇವರಾಯ ಬರಲು ಒಪ್ಪದಿದ್ದಾಗ ಅಲ್ಲಿಯೇ ಕಠಾರಿಯಿಂದ ಇರಿದ. ಅರಸ ಸಿಂಹಾಸನದ ಹಿಂದೆ ಬಿದ್ದ. ಸತ್ತನೆಂದು ತಿಳಿದ ತಮ್ಮ ಹೊರಗೆ ಬಂದು ತಾನೇ ಅರಸನೆಂದು ಸಾರಿಕೊಂಡ. ಅಷ್ಟರಲ್ಲಿ ಎಚ್ಚರಗೊಂಡ ದೇವರಾಯ ಎದ್ದು ಬಂದ. ಅವನ ಆಳುಗಳು ತಮ್ಮನನ್ನು ಕೊಂದರು. ದಂಡನಾಯಕ ಆಗ ಸಿಂಹಳಕ್ಕೆ ಹೋಗಿದ್ದರಿಂದ ಉಳಿದ.

ಆ ಮೇಲೆ ನಡೆದದ್ದನ್ನೂ ಮುಚ್ಚಿಡಬಾರದು. ಸಂಚಿನಲ್ಲಿ ಕೂಡಿದವರನ್ನು ಚರ್ಮ ಸುಲಿಸಿ, ಸುಡಿಸಿ ಕೊಲ್ಲಿಸಿದರು. ಅವರ ಮನೆಮಂದಿಯನ್ನೂ ಬಿಡಲಿಲ್ಲ. ಅತಿಥಿಯ ಬೆವರಿಗೆ ಮರುಗಿದ ಅರಸನ ಕೈಯಿಂದಲೇ ಇದೂ ಆಯಿತು.

ಇದೇ ಹೊತ್ತಿಗೆ ಬಹುದೂರದ ಜಪಾನಿನ ಕ್ಯೋಟೊ ನಗರದಲ್ಲಿ ನಡೆದದ್ದನ್ನು ಓದಿದರೆ ಮೈ ಝುಂ ಎನ್ನುತ್ತದೆ. ಅಲ್ಲಿನ ಶೋಗುನ್ ಅಶಿಕಾಗಾ ಯೋಶಿನೊರಿ ಮೊದಲು ಭಿಕ್ಕು, ತೆಂದಾಯ್ ಪಂಥದ ಪ್ರಧಾನ ಮಠಾಧೀಶ. ಅಣ್ಣ ಗಂಡುಮಕ್ಕಳಿಲ್ಲದೆ ತೀರಿಕೊಂಡ ಮೇಲೆ 1428ರಲ್ಲಿ ದೇವರ ಮುಂದೆ ಚೀಟಿ ಎತ್ತಿ ಇವನನ್ನು ಆರಿಸಿದರು. ಕಾವಿ ಬಿಟ್ಟು ಕತ್ತಿ ಹಿಡಿದವನು ಎಷ್ಟು ಕಠೋರನಾದನೆಂದರೆ ಸುತ್ತಲಿನ ಸಾಮಂತರೆಲ್ಲ ನಡುಗಿದರು. 1441ರಲ್ಲಿ ಅಕಾಮಾತ್ಸು ಎಂಬ ಸಾಮಂತ ತನ್ನ ಮನೆಗೆ ಔತಣಕ್ಕೆ ಕರೆದು, ನಾಟ್ಯ ನಡೆಯುತ್ತಿರುವಾಗಲೇ ಕೊಲ್ಲಿಸಿದ. ಒಂದು ಬೌದ್ಧರ ನಗರ, ಇನ್ನೊಂದು ವಿರೂಪಾಕ್ಷನ ನಗರ. ಎರಡು ವರ್ಷದ ಒಳಗೆ ಎರಡೂ ಕಡೆ ಒಂದೇ ಬಗೆಯ ಔತಣ. ಹೆಸರು ಯಾವ ಧರ್ಮದ್ದಾದರೇನು, ಲೋಭ, ದ್ವೇಷ, ಮೋಹಗಳನ್ನು ಬೇರುಸಹಿತ ಕಿತ್ತುಹಾಕದಿದ್ದರೆ ಭಿಕ್ಕುವಾಗಿದ್ದವನನ್ನೂ ಅವು ಬಿಡುವುದಿಲ್ಲ. ಇದು ನಮ್ಮ ಬಳಗದವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತು.

ಗಾಯಗೊಂಡ ದೇವರಾಯನಿಂದ ಬಹಮನಿ ಸುಲ್ತಾನ ಅಲಾವುದ್ದೀನ್ ಏಳು ಲಕ್ಷ ವರಹ ಕೇಳಿದ. ಅರಸ ಕೊಡಲಿಲ್ಲ. ಮತ್ತೆ ಯುದ್ಧ. ಈ ನಡುವೆ ಹೊರ್ಮುಜಿನ ಕೆಲವು ವರ್ತಕರು ಸೇರಿ, ರಜಾಕ್ ನಿಜವಾದ ರಾಯಭಾರಿಯೇ ಅಲ್ಲವೆಂದು ಚಾಡಿ ಹೇಳಿದರು. ಅವನ ದಿನದ ಖರ್ಚು ನಿಂತಿತು. ಆದರೂ ಕೊನೆಗೆ ದೇವರಾಯ ಅವನನ್ನು ಆದರದಿಂದಲೇ ಬೀಳ್ಕೊಟ್ಟ. 1446ರ ಮೇ ತಿಂಗಳಲ್ಲಿ ದೇವರಾಯ ತೀರಿಕೊಂಡ. ಆ ಸಾವಿನ ದಿನವನ್ನು ಕಲ್ಲಿನಲ್ಲಿ ಬರೆದಿಟ್ಟವರು ಯಾರು ಗೊತ್ತೇ? ಶ್ರವಣಬೆಳಗೊಳದವರು. ಎಲೆ ಅಡಿಕೆ ಬೀದಿಯಲ್ಲಿ ಬಸದಿ ಕಟ್ಟಿಸಿದ ಅರಸನ ಮರಣವನ್ನು ಗೊಮ್ಮಟನ ಊರು ನೆನಪಿಟ್ಟುಕೊಂಡಿತು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದಾಗ ಈ ಕಥೆಯನ್ನೇ ಹೇಳಿದೆ. ಕೇಳಿಸಿಕೊಂಡ ಒಬ್ಬ ಹುಡುಗಿ, ಹಾಗಾದರೆ ರಾಜ ಒಳ್ಳೆಯವನೋ, ಇಲ್ಲಾ ಬಿಲ್ಲುಗಾರರು ಬೇಕಿದ್ದರಿಂದ ಒಳ್ಳೆಯವನಂತೆ ಇದ್ದನೋ ಎಂದು ಕೇಳಿದಳು. ಒಂಬತ್ತನೆಯ ತರಗತಿಯ ಮಗು. ಒಳ್ಳೆಯ ಪ್ರಶ್ನೆ, ಸುಲಭದ ಪ್ರಶ್ನೆಯಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಬಿಲ್ಲುಗಾರರು ಬೇಕಿತ್ತು. ವರ್ತಕ ಜೈನರ ಹಣವೂ ಬೇಕಿತ್ತು. ಅವನ ರಾಜ್ಯದಲ್ಲಿ ಎಲ್ಲರೂ ಸುಖವಾಗಿರಲಿಲ್ಲ. 1429ರಲ್ಲಿ ಕಾವೇರಿಯ ಕೆಳಸೀಮೆಯಲ್ಲಿ ಬಲಗೈ ಎಡಗೈ ಎಂದು ಸದಾ ಹೊಡೆದಾಡುತ್ತಿದ್ದ ಜಾತಿಗಳವರು ಒಂದಾಗಿ, ಅಧಿಕಾರಿಗಳ ಮತ್ತು ಭೂಮಾಲೀಕರ ಸುಲಿಗೆ ಸಾಕೆಂದು, ಅನ್ಯಾಯದ ತೆರಿಗೆ ಕೊಡುವುದಿಲ್ಲವೆಂದು ತಮಗೆ ತಾವೇ ಕಟ್ಟುಹಾಕಿಕೊಂಡು ಶಾಸನ ಬರೆಸಿದರು. ಅದೂ ದೇವರಾಯನ ಕಾಲವೇ. ಎಲೆ ಅಡಿಕೆ ಬೀದಿಯ ಸೊಗಸಿನ ಹಿಂದೆ ಆ ರೈತರ ಬೆವರೂ ಇತ್ತು.

ಆದರೂ ನಾನು ಆ ಮಗುವಿಗೆ ಹೇಳಿದ್ದು ಇಷ್ಟು. ಬಿಲ್ಲುಗಾರರು ಬೇಕೆಂದರೆ ಸಂಬಳ ಕೊಟ್ಟರೆ ಸಾಕಿತ್ತು. ಸಿಂಹಾಸನದ ಮುಂದೆ ಕುರಾನ್ ಇಡಬೇಕಿರಲಿಲ್ಲ. ಅವರ ತಲೆಯನ್ನು ಬಾಗಿಸುವ ಶಕ್ತಿ ಇದ್ದೂ, ಅವರ ಮನಸ್ಸು ಬಾಗಲಾರದ ಜಾಗ ಯಾವುದೆಂದು ಯೋಚಿಸಿದ್ದಾನಲ್ಲ, ಅಷ್ಟು ದೊಡ್ಡದು. ಬೇಕಾಗಿ ಮಾಡಿದ ಒಳ್ಳೆಯದೂ ಮಾಡುತ್ತ ಮಾಡುತ್ತ ರೂಢಿಯಾಗುತ್ತದೆ. ರೂಢಿಯಾದದ್ದು ಊರಿನ ಗುಣವಾಗುತ್ತದೆ. ಶೀಲವನ್ನೂ ನಾವು ಹಾಗೆಯೇ ಕಲಿಯುತ್ತೇವಲ್ಲವೇ? ಮನಸ್ಸು ಶುದ್ಧವಾದ ಮೇಲೆ ಪಂಚಶೀಲ ಹಿಡಿಯುತ್ತೇನೆಂದು ಕೂತರೆ ಯಾರೂ ಹಿಡಿಯಲಾರರು.

ಅಶೋಕನ ಹನ್ನೆರಡನೆಯ ಶಿಲಾಶಾಸನ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದು, ಮೂರ್ತಿ ಭಗ್ನವಾದಾಗ ಅದನ್ನು ನಿಲ್ಲಿಸಿದ್ದ ಪೀಠದ ಕಲ್ಲೇ ಅಶೋಕನ ಶಾಸನವೆಂದು ತಿಳಿಯಿತು. ಪರರ ಪಂಥವನ್ನು ಹೀಗಳೆಯುವವನು ತನ್ನ ಪಂಥಕ್ಕೇ ಹಾನಿ ಮಾಡಿಕೊಳ್ಳುತ್ತಾನೆ ಎಂಬುದು ಅದರ ತಿರುಳು. ಎಷ್ಟೋ ಶತಮಾನ ಆ ಮಾತು ಕಾಳಮ್ಮನ ಪಾದದ ಕೆಳಗೆ ಅವಳನ್ನು ಹೊತ್ತು ನಿಂತಿತ್ತು. ದೇವರಾಯ ಆ ಶಾಸನವನ್ನು ಓದಿರಲಿಕ್ಕಿಲ್ಲ. ಆದರೆ ಈ ಮಣ್ಣಿನ ಅಡಿಪಾಯದಲ್ಲಿ ಆ ಕಲ್ಲು ಇತ್ತು.

1565ರ ಜನವರಿಯಲ್ಲಿ ನಮ್ಮ ಕೃಷ್ಣಾ ತೀರದ ರಕ್ಕಸಗಿ ತಂಗಡಗಿಯ ಯುದ್ಧದ ಬಳಿಕ ಆ ನಗರ ಹಾಳಾಯಿತು. ಚಂದ್ರ ತಾರೆಗಳಿರುವವರೆಗೆ ತನ್ನ ಧರ್ಮ, ಕೀರ್ತಿ ನಿಲ್ಲಲೆಂದು ಬಸದಿಯ ಶಾಸನದಲ್ಲಿ ದೇವರಾಯ ಬಯಸಿದ್ದ. ಚಂದ್ರ ತಾರೆಗಳಿವೆ, ಬಸದಿಯಲ್ಲಿ ಪೂಜೆಯಿಲ್ಲ. ಬೀದಿಯಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಅನಿಚ್ಚ ಎಂದರೆ ಇದೇ. ಆದರೆ ಎಲ್ಲವೂ ಅಳಿಯುತ್ತದೆಂದು ತಿಳಿದವನು ಕೈಕಟ್ಟಿ ಕೂಡುವುದಿಲ್ಲ. ಅಳಿಯುವ ಬೀದಿಯಲ್ಲೇ, ಅಳಿಯುವ ಮೊದಲೇ, ಪಕ್ಕದವನಿಗೆ ಜಾಗ ಬಿಡುತ್ತಾನೆ.

ಇದನ್ನು ಇವತ್ತೇ ಬರೆಯಲು ಕಾರಣವಿದೆ. ಈಚೆಗೆ ಜಾತ್ರೆಗಳು ಹತ್ತಿರ ಬಂದರೆ ಸಾಕು, ಇಂಥವರ ಅಂಗಡಿಯಲ್ಲಿ ಕೊಳ್ಳಬೇಡಿ, ಇಂಥವರಿಗೆ ಮಳಿಗೆ ಹಾಕಲು ಬಿಡಬೇಡಿ ಎಂಬ ಸಂದೇಶಗಳು ಫೋನಿಗೆ ಬರುತ್ತವೆ. ನನ್ನ ಫೋನಿಗೂ ಬಂದಿವೆ, ನಿಮ್ಮದಕ್ಕೂ ಬಂದಿರುತ್ತವೆ. ನಮ್ಮ ಲೋಕಾಪುರದಂಥ ಊರಿನ ಪೇಟೆ ನೋಡಿ. ಎಲೆ ಬೆಳೆದವನು ಒಬ್ಬ, ಗಾಡಿಯಲ್ಲಿ ತಂದವನು ಇನ್ನೊಬ್ಬ, ಅಡಿಕೆ ಮಾರುವವನು ಮತ್ತೊಬ್ಬ, ಸುಣ್ಣ ಸುಟ್ಟವನು ಮಗದೊಬ್ಬ. ಮದುವೆಯ ತಟ್ಟೆಯಲ್ಲಿಟ್ಟ ಒಂದು ಜೋಡಿ ಎಲೆಗೆ ಎಷ್ಟು ಜಾತಿಯ, ಎಷ್ಟು ಧರ್ಮದ ಕೈ ತಾಗಿದೆ ಎಂದು ಯಾರು ಲೆಕ್ಕ ಹಾಕಬಲ್ಲರು? ಒಂದು ಇನ್ನೊಂದನ್ನು ಆಸರೆಯಾಗಿಸಿಕೊಂಡೇ ಇದೆ ಎಂಬ ಪಟಿಚ್ಚಸಮುಪ್ಪಾದವನ್ನು ನಾವು ಗ್ರಂಥದಲ್ಲಿ ಓದುತ್ತೇವೆ. ಎಲೆ ಅಡಿಕೆ ಅಂಗಡಿಯ ಮುಂದೆ ನಿಂತರೂ ಅದು ತಿಳಿಯುತ್ತದೆ.

ಇವತ್ತಿನ ಅಭ್ಯಾಸ: ಪೇಟೆಗೆ ಹೋದಾಗ, ನಾವು ದಿನವೂ ಕೊಳ್ಳುವ ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಅದು ಯಾರ ಯಾರ ಕೈ ದಾಟಿ ಬಂದಿತೆಂದು ಒಂದು ಕ್ಷಣ ಯೋಚಿಸೋಣ. ಕೊಟ್ಟವರ ಮುಖ ನೋಡಿ ಒಂದು ಒಳ್ಳೆಯ ಮಾತಾಡೋಣ. ಜನರನ್ನು ಬೇರೆ ಮಾಡುವ ಸಂದೇಶ ಬಂದರೆ ಅದು ನಮ್ಮ ಫೋನಿನಲ್ಲೇ ನಿಲ್ಲಲಿ, ಮುಂದೆ ಹೋಗದಿರಲಿ.

ಎಲ್ಲರಿಗೂ ಮಂಗಳವಾಗಲಿ.